ಹರಳೂರಿನ ಮೂಲಶೋಧಕ

ಹರಳೂರಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೂರಿಸಿದ ಮೂಲಶೋಧಕ ಯಂತ್ರ ಮೊದಲ ವಾರವೇ ಕಳ್ಳನನ್ನು ಹಿಡಿಯಿತು. ಸಣ್ಣಪುಟ್ಟ ಊರಿನ ಮನೆಮನೆಗೂ ಒಳಚರಂಡಿ ಬಂದು ಮುಗಿದಿದ್ದ ಕಾಲವದು. ಕೊಳವೆಗಳೊಳಗೆ ಹರಡಿದ್ದ ಯಂತ್ರದ ಗ್ರಾಹಕತಂತುಗಳು ನೀರಿನಲ್ಲಿ ಬಣ್ಣದ ವಿಷ ಕಂಡರೆ ಅದು ಎಲ್ಲಿಂದ ಬಂತೆಂದು ತಿಳಿಸುತ್ತಿದ್ದವು. ಕೊಳವೆಗೆ ಕೆಂಪು ಬಣ್ಣ ಬಿಡುತ್ತಿದ್ದದ್ದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಅದರ ಕೊಳವೆಯನ್ನು ಮುಚ್ಚಿಸಿದ ಮೇಲೆ, ತೊಟ್ಟಿಯಲ್ಲಿ ಸಾಯುತ್ತಿದ್ದ ಸೂಕ್ಷ್ಮಜೀವಿಗಳು ಚೇತರಿಸಿಕೊಂಡು ಊರಿನ ಹೊಲಸನ್ನು ತಿನ್ನತೊಡಗಿದವು. ಹೊಳೆಗೆ ತಿಳಿನೀರು ಬಿತ್ತು, ಮೀನು ಮರಳಿದವು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಮೀನು ಮಾರುವ ಅಂಬಿಗರ ದುರ್ಗವ್ವ. ಘಟಕ ಬೇಕೆಂದು ಪುರಸಭೆಯ ಮೆಟ್ಟಿಲು ಸವೆಸಿದವಳೇ ಅವಳು.

ಎಡವಟ್ಟಾದದ್ದು ಹೆಸರಿನಲ್ಲಿ. ಯಂತ್ರಕ್ಕೆ ಹೆಸರಿಡುವಾಗ ವಿಜ್ಞಾನಿಗಳಿಗೆ ಸಂಸ್ಕೃತದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಹರಳೂರಿನವರಿಗೆ ಮೂಲ ಎಂದರೆ ಮೂಲವ್ಯಾಧಿ! ಪಾಯಿಖಾನೆಯ ಕೊಳವೆಯಲ್ಲಿ ಕೂತು ಯಾರಿಗೆ ಮೂಲವಿದೆಯೆಂದು ಪತ್ತೆ ಹಚ್ಚುವ ಯಂತ್ರವೆಂದು ಊರೆಲ್ಲ ನಕ್ಕಿತು. ಆಮೇಲೆ ನಗು ನಿಂತಿತು. ಮೂಲ ತಿಳಿಯುವ ಯಂತ್ರಕ್ಕೆ ಸಕ್ಕರೆ ಕಾಯಿಲೆ ತಿಳಿಯದೆ? ಕದ್ದು ಕುಡಿದದ್ದು? ಮುಚ್ಚಿಟ್ಟ ಬಸಿರು? ಯಂತ್ರ ರೂಪಿಸಿದ ಡಾ. ಶಾಂಭವಿ ಕೋಟ್ಯಾನ್ ಓಣಿ ಓಣಿಗೆ ಮೈಕು ಕಟ್ಟಿಸಿ, ಹಾಗೇನೂ ಇಲ್ಲವೆಂದು ಸಾರಿಸಿದಳು. ಏನೂ ಇಲ್ಲದಿದ್ದರೆ ಸಾರುವುದೇಕೆ ಎಂದು ಜನರ ಅನುಮಾನ ಇನ್ನಷ್ಟು ಬಲಿಯಿತು.

ಜನ ಮನೆಯ ಪಾಯಿಖಾನೆಗೆ ಹೋಗುವುದನ್ನೇ ಬಿಟ್ಟರು; ಘಟಕಕ್ಕೆ ಬರೀ ಸ್ನಾನದ ನೀರು ಬರತೊಡಗಿತು. ತಿನ್ನಲು ಏನೂ ಸಿಗದೆ ಸೂಕ್ಷ್ಮಜೀವಿಗಳು ಸತ್ತವು. ಯಂತ್ರ ಮಾತ್ರ 'ಮಾಲಿನ್ಯವಿಲ್ಲ' ಎಂದು ಹಸಿರು ದೀಪ ತೋರಿಸುತ್ತಿತ್ತು. ಹೊಳೆ ಮತ್ತೆ ನಾರುತ್ತಿತ್ತು.

ಕಾರಣ ಹುಡುಕುತ್ತ ಒಂದು ಮುಂಜಾನೆ ದಂಡೆಗೆ ಬಂದ ಶಾಂಭವಿಗೆ, ಮನೆಯ ಹೊಲಸು ತುಂಬಿದ ಬಕೆಟ್ಟನ್ನು ಹೊಳೆಗೆ ಬಗ್ಗಿಸುತ್ತಿದ್ದ ದುರ್ಗವ್ವ ಸಿಕ್ಕಳು.

"ದುರ್ಗವ್ವ, ನೀವೂನಾ?"

"ಏನ್ ಮಾಡ್ಲಿ ಅಕ್ಕಾರ? ನಿಮ್ಮ ಮಷೀನು ಕೆಂಪು ಹುಡುಕತೈತಿ. ನಮ್ಮ ಮನ್ಯಾಗ ಕೆಂಪು ಬರತೈತಿ."

"ಅಂದರೆ?"

ದುರ್ಗವ್ವ ಸುತ್ತ ನೋಡಿದಳು. "ನಮ್ಮ ಯಜಮಾನ್ರಿಗೆ ಟಿ.ಬಿ. ಐತ್ರಿ. ಆ ಗುಳಿಗಿ ನುಂಗಿದ್ರ ಉಚ್ಚಿ ಕೆಂಪಗಾಗತೈತಿ. ಊರಿಗೆ ಗೊತ್ತಾದ್ರ ನನ್ನ ಕೈಯಾಗಿನ ಮೀನು ಯಾರ್ ತಗೋತಾರ?"

ಶಾಂಭವಿ ದನಿ ತಗ್ಗಿಸಿದಳು. "ಯಂತ್ರಕ್ಕೆ ನೂಲಿನ ಬಣ್ಣ ಬಿಟ್ಟು ಬೇರೇನೂ ತಿಳಿಯೋದಿಲ್ಲ ದುರ್ಗವ್ವ. ಗುಳಿಗೆ ಶುರುಮಾಡಿ ಎಷ್ಟು ದಿನ ಆಯ್ತು?"

"ಮೂರು ತಿಂಗಳಾತ್ರಿ. ಕಫದಾಗ ಈಗ ಏನಿಲ್ಲ ಅಂದಾರ ಡಾಕ್ಟರು."

"ಮತ್ತೆ? ಇನ್ನು ಅವರಿಂದ ಯಾರಿಗೂ ಹರಡೋದಿಲ್ಲ. ಮೀನಿಂದಂತೂ ಹರಡೋ ಮಾತೇ ಇಲ್ಲ. ಇದಕ್ಕೆಲ್ಲ ಜನ ಹೆದರೋದು ಬರೀ ಅಜ್ಞಾನ."

ದುರ್ಗವ್ವನ ಮುಖ ಸಡಿಲವಾಯಿತು. ಎಷ್ಟೋ ದಿನದ ಮೇಲೆ ಅವಳು ನಕ್ಕಳು. "ಹಂಗಾದ್ರ ನಾಳೆ ನಿಮ್ಮನಿಗೆ ಮೀನು ತರ್ಲೇನ್ರಿ? ಹೊಲಸು ಮುಟ್ಟದ ಮೇಲಿನ ಮಡುವಿಂದು, ಚಲೋ ಅದಾವು."

ಶಾಂಭವಿ ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡ ದುರ್ಗವ್ವ. ಶ್ರಾವಣ ನೋಡಿ, ಶ್ರಾವಣದಲ್ಲಿ ನಮ್ಮ ಮನೇಲಿ ಮೀನು ತಿನ್ನೋದಿಲ್ಲ."

ಶ್ರಾವಣಕ್ಕೆ ಇನ್ನೂ ಎರಡು ತಿಂಗಳಿತ್ತು. ದುರ್ಗವ್ವ ಬಕೆಟ್ಟನ್ನು ತೊಳೆದುಕೊಂಡು ಮನೆಗೆ ಹೋದಳು. ಮರುದಿನ ಬೆಳಕು ಹರಿಯುವ ಮೊದಲೇ ಅದೇ ಬಕೆಟ್ಟು ಹಿಡಿದು ಹೊಳೆಗೆ ಬಂದಳು.