ಮೂರೂವರೆ ಕೆಜಿಯ ಮಗಳು

"ಮಗಳಿಗೆ ಮೈ ಸುಡ್ತಿದೆ ರೀ. ಜ್ವರದ ಔಷಧಿ ಕೊಡಿ," ಎಂದ ಕನ್ನಡಕದಂಗಡಿಯವನು.

ಅವನ ದನಿ ಕೇಳಿದೊಡನೆ ಮೆಡಿಕಲ್ ಶಾಪಿನವಳ ಎದೆ ಎಂದಿನಂತೆ ಝಲ್ಲೆಂದಿತು. ಪಾಪ, ಎದೆಗೇನು ಗೊತ್ತು, ಅವನು ಮಗಳಿರುವ ಗಂಡಸೆಂದು!

ಬಂದಾಗಲೆಲ್ಲ ಅವನ ಬಾಯಲ್ಲಿ ಅದೇ ಮಾತು. ಮಗಳು ಹಟ ಮಾಡಿದಳು, ಮಗಳು ನಿದ್ದೆಗೆಡಿಸಿದಳು. ಕೇಳಿ ಕೇಳಿ ಆ ಮಗುವಿಗೊಬ್ಬ ತಾಯಿಯನ್ನೂ ಕಲ್ಪಿಸಿಕೊಂಡು, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹೊಟ್ಟೆ ಉರಿಸಿಕೊಂಡಿದ್ದಳು.

ಪ್ಯಾರಾಸಿಟಮಾಲ್ ಸಿರಪ್ ತೆಗೆದುಕೊಟ್ಟು ಕೇಳಿದಳು, "ವಯಸ್ಸೆಷ್ಟು?"

"ಆರು."

"ತೂಕ?"

"ಮೂರೂವರೆ ಕೆಜಿ."

ಅವಳ ಹುಬ್ಬು ಮೇಲೇರಿತು. "ಆರು ವರ್ಷದ ಮಗು ಮೂರೂವರೆ ಕೆಜಿನಾ? ಏನ್ರೀ, ಊಟ ಹಾಕ್ತೀರೋ ಇಲ್ವೋ? ಅವಳ ತಾಯಿ ಏನ್ ಮಾಡ್ತಿದ್ದಾರೆ?"

"ತಾಯಿ ಎಲ್ಲಿದ್ದಾಳೋ ಯಾರಿಗ್ಗೊತ್ತು! ಗೋಡೆ ಹಾರಿ ಹೋದವಳು ಬರಲೇ ಇಲ್ಲ." ಅವನು ಕಣ್ಣು ಪಿಳುಕಿಸಿದ. "ಬೆಕ್ಕು ಕಣ್ರೀ ಅದು."

ಅವಳು ಬಾಟಲಿಯನ್ನು ಚಕ್ಕನೆ ಕಿತ್ತುಕೊಂಡಳು. "ಅಯ್ಯೋ ಪುಣ್ಯಾತ್ಮ! ನಮಗೆ ಔಷಧಿ, ಬೆಕ್ಕಿಗೆ ಇದು ವಿಷ. ಜೀವಾನೇ ಹೋಗುತ್ತೆ. ಮನೇಲಿದ್ದಿದ್ದು ಏನೂ ಕೊಟ್ಟಿಲ್ಲ ತಾನೆ?"

"ಈಗ ಬರೋ ಮುಂಚೆ... ನನ್ನ ಮಾತ್ರೇಲಿ ಒಂದು ಚೂರು." ಅವನ ಮುಖ ಬಿಳಿಚಿಕೊಂಡಿತು.

ಅವಳು ಷಟರ್ ಎಳೆದಳು. ಅವನ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ; ಬೆಕ್ಕು ಬಿಟ್ಟರೆ ಬೇರಾರೂ ಇಲ್ಲ. ಅದನ್ನು ಬುಟ್ಟಿಗೆ ಹಾಕಿಕೊಂಡು ಇಬ್ಬರೂ ಪ್ರಾಣಿಗಳ ಆಸ್ಪತ್ರೆಗೆ ಓಡಿದರು. ಇವನಿಗೆ ಹೆಂಡತಿಯಿಲ್ಲ ಎಂಬ ಸಂತೋಷಕ್ಕೆ ದಾರಿಯುದ್ದಕ್ಕೂ ಅವಳಿಗೆ ನಾಚಿಕೆ. ಇತ್ತ ಒಂದು ಜೀವ ಒದ್ದಾಡುತ್ತಿದ್ದರೆ ಇವಳ ಮನಸ್ಸು ಕುಣಿಯುವುದೇ?

ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, "ಬೇಗ ತಂದ್ರಿ, ಉಳ್ಕೋಬಹುದು. ಇವತ್ತು ಇಲ್ಲೇ ಇರಲಿ, ಫೋನ್ ಮಾಡ್ತೀನಿ," ಎಂದರು.

ಖಾಲಿ ಬುಟ್ಟಿ ಹಿಡಿದು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಮನೆಗೆ ಹೋಗೋಕೆ ಕಾಲೇ ಬರ್ತಿಲ್ಲ. ಬೀಗ ತೆಗೆದ್ರೆ ಎದ್ದು ಬರ್ತಿದ್ದಿದ್ದು ಅದೊಂದೇ."

"ನಮ್ಮನೇಲಿ ಅದೂ ಇಲ್ಲ," ಎಂದಳು ಅವಳು. ಇನ್ನು ಮುಚ್ಚಿಟ್ಟು ಏನು ಮಾಡುವುದು! "ಒಂದು ಹೇಳ್ಲಾ? ನಿಮ್ಮ ಹೆಂಡತಿ ಮೇಲೆ ನಂಗೆ ತುಂಬಾ ಹೊಟ್ಟೆಕಿಚ್ಚಿತ್ತು."

"ಇಲ್ಲದ ಹೆಂಡತಿ ಮೇಲಾ?"

"ಹೂಂ. ನೋಡೋಕೆ ಬಹಳ ಚೆನ್ನಾಗಿದ್ದಾಳೆ ಅಂತ ಬೇರೆ ಅಂದ್ಕೊಂಡಿದ್ದೆ."

ಅವನು ನಕ್ಕ. ನಗುತ್ತಲೇ ಕಣ್ಣು ತುಂಬಿ ಬಂತು. ಸರಿದು ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಅವಳು ಬುಟ್ಟಿಯ ಹಿಡಿಯನ್ನು ನೋಡುತ್ತ ಕುಳಿತಳು.

"ನೆಗಡಿ ಇಲ್ಲದಿದ್ರೂ ಎಷ್ಟು ಸಲ ನೆಗಡಿ ಮಾತ್ರೆ ತಗೊಂಡು ಹೋಗಿದ್ದೀನಿ, ಗೊತ್ತೇನ್ರೀ?" ಎಂದ ಮೆಲ್ಲಗೆ. "ಮನೆಗೆ ಬನ್ನಿ ಅನ್ನೋ ಧೈರ್ಯ ನಂಗಿಲ್ಲ. ಫೋನ್ ಬರೋವರೆಗೂ ನಿಮ್ಮಂಗಡಿ ಹತ್ರ ಇರ್ಲಾ?"

ಸಂಜೆ ಷಟರ್ ಮತ್ತೆ ಮೇಲೆದ್ದಿತು. ಅಭ್ಯಾಸಬಲ, ಅವನು ಬೀದಿಯಲ್ಲೇ ನಿಂತ. ಅವಳು ಕೌಂಟರಿನ ಹಲಗೆ ಎತ್ತಿ ಹಿಡಿದಳು.

"ಅಲ್ಲಿ ಗಿರಾಕಿಗಳು ನಿಲ್ಲೋದು," ಎಂದಳು. "ನೀವು ಒಳಗೆ ಬನ್ನಿ."