ಎಂಟನೇ ಗಿಡದ ಅವಸರ

ಕಪಾಟಿನ ಮೇಲಿನ ಅರೆಯಲ್ಲಿ ಬಣ್ಣ ಮಾಸದ ಒಂದು ದುಂಡು ಗುರುತು ಮಾತ್ರ ಉಳಿದಿತ್ತು. ನೀಲಿ ಗಾಜಿನ ಹೂಜಿ ಇರಲಿಲ್ಲ.

ಅತ್ತೆ ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಗಾಜಿನ ಕಾರ್ಖಾನೆಯಲ್ಲಿ ಮಾವ ತಮ್ಮ ಕೆಲಸದ ಕೊನೆಯ ದಿನ ಕೊಳವೆಗೆ ಬಾಯಿಟ್ಟು ಊದಿ ಮಾಡಿದ ಹೂಜಿ ಅದು. ಅವರು ತೀರಿಕೊಂಡ ಮೇಲೆ ಅತ್ತೆ ಅದಕ್ಕೆ ನೀರನ್ನೂ ತುಂಬಿರಲಿಲ್ಲ. ಅವರ ಉಸಿರಿದ್ದ ಪಾತ್ರೆಗೆ ಇನ್ನೇನು ತುಂಬುವುದು?

ಮಗ ಹಡಗಿನ ಕೆಲಸದ ಮೇಲೆ ದೂರವಿದ್ದ. ಮನೆಯಲ್ಲಿ ಓಡಾಡುವವರು ಮೂವರೇ: ಅತ್ತೆ, ಸೊಸೆ, ಮನೆಗೆಲಸದ ಹೆಂಗಸು. ಈಕೆ ಹಿಂದೆ ಗಿಡ ಮಾರುವ ನರ್ಸರಿಯಲ್ಲಿ ದುಡಿದವಳು, ಬೀದಿಗೆಲ್ಲ ನರ್ಸರಿಯಮ್ಮ.

"ಕಪಾಟು ಒರೆಸಿದ್ದು ಯಾವಾಗ?" ಅತ್ತೆ ಅವಳನ್ನು ಕೇಳಿದರು.

"ಮೊನ್ನೆ, ಅಮ್ಮ. ಆಗ ಇತ್ತು."

"ನೀನು ನೋಡಿದ್ಯಾ?" ಅತ್ತೆ ಸೊಸೆಯತ್ತ ತಿರುಗಿದರು.

"ನಿನ್ನೆ ಬೆಳಿಗ್ಗೆ ಇತ್ತು, ಅತ್ತೆ."

ಸೊಸೆಯ ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಅಳೆದು ತೂಗಿ ಮಾತಾಡುವವಳು. ನಿನ್ನೆ ಸಂಜೆಯ ಬಗ್ಗೆ ಯಾರೂ ಕೇಳಲಿಲ್ಲ.

ನರ್ಸರಿಯಮ್ಮನನ್ನು ಅಂದೇ ಕೆಲಸದಿಂದ ಬಿಡಿಸಿದರು. ಅವಳು ಮರೆತಿದ್ದ ಕೊಡೆಯನ್ನು ಸೊಸೆಯೇ ಬಾಗಿಲಿಗೆ ತಂದುಕೊಟ್ಟಳು. ಅವಳು ಕೆಲಸಕ್ಕೆ ಹೋಗುತ್ತಿದ್ದ ನೆರೆಯ ನಾಲ್ಕು ಮನೆಗೂ ಅತ್ತೆ ವಿಷಯ ಮುಟ್ಟಿಸಿದರು. ಆ ನಾಲ್ಕೂ ಮನೆಯವರು ನರ್ಸರಿಯಮ್ಮನಿಗೆ ನಾಳೆಯಿಂದ ಬರಬೇಡ ಎಂದರು.

ಪಾತ್ರೆ ತಿಕ್ಕುವ ಕೆಲಸ ಸೊಸೆಯ ಪಾಲಿಗೆ ಬಂತು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹೇಳಬೇಕೆಂದು ದಿನಾ ಬಾಯಿ ತೆರೆಯುವಳು, "ಸಾರಿಗೆ ಉಪ್ಪು ಸಾಕಾ?" ಎಂದು ಮುಗಿಸುವಳು.

ಮೂರು ವಾರ ಕಳೆದವು. ಹಿತ್ತಲಲ್ಲಿ ಎಂಟು ಟೊಮೆಟೊ ಗಿಡಗಳಿದ್ದವು. ಎಲ್ಲ ಒಂದೇ ಪೊಟ್ಟಣದ ಬೀಜ, ನೆಟ್ಟದ್ದೂ ಒಂದೇ ದಿನ. ಏಳರಲ್ಲಿ ಇನ್ನೂ ಕಲ್ಲಿನಂಥ ಹಸಿರು ಕಾಯಿ. ಗೋಡೆಯ ಪಕ್ಕದ ಎಂಟನೆಯದು ಮಾತ್ರ ಕೆಂಪಗೆ ಹಣ್ಣಾಗಿ ನಿಂತಿತ್ತು. ತಮ್ಮ ಕೈಗುಣ ಎಂದು ಅತ್ತೆ ಹಿಗ್ಗಿ ಅದೇ ನಾಲ್ಕು ಮನೆಗೆ ಹಣ್ಣು ಹಂಚಿಬಂದರು.

ಮರುದಿನ ಹಿತ್ತಲ ಬಾಗಿಲಿನ ಕೀಲಿಕೈ ಹಿಂತಿರುಗಿಸಲು ನರ್ಸರಿಯಮ್ಮ ಬಂದಳು. ಕೀಲಿಕೈ ಕೊಟ್ಟು ಹೊರಟವಳು ಗಿಡದ ಮುಂದೆ ನಿಂತುಬಿಟ್ಟಳು.

"ಇದಕ್ಕೆ ಏನು ಹಾಕಿದ್ರಿ, ಅಮ್ಮ?"

"ಎಲ್ಲಕ್ಕೂ ಹಾಕಿದ್ದೇ."

"ನೀರು?"

"ಒಂದೇ ಪೈಪು. ಕೈಗುಣ ಕಣೇ, ನಿನಗೆಲ್ಲಿ ಗೊತ್ತಾಗತ್ತೆ?"

"ಹಾಗಾದ್ರೆ ಆ ಕೈ ಉಳಿದ ಏಳರ ಮೇಲೆ ಯಾಕೆ ಮುನಿಸ್ಕೊಂಡಿದೆ?"

ಅವಳು ಕುಕ್ಕರಗಾಲಲ್ಲಿ ಕೂತು ಗೋಡೆಯ ಕಡೆಯ ಮಣ್ಣನ್ನು ಹೆಬ್ಬೆರಳಿಂದ ಒತ್ತಿದಳು. ಬೆರಳು ಸಲೀಸಾಗಿ ಇಳಿಯಿತು. ಅಡುಗೆಮನೆಯ ಕಿಟಕಿಯಲ್ಲಿ ತಟ್ಟೆ ತೊಳೆಯುತ್ತಿದ್ದ ಸೊಸೆಯ ಕೈ ನಿಂತಿತು.

"ಇಲ್ಲಿ ಯಾರೋ ಅಗೆದಿದ್ದಾರೆ."

"ಬೆಕ್ಕಿರಬೇಕು."

"ಬೆಕ್ಕು ಗುಂಡಿ ಮುಚ್ಚಿ, ತಟ್ಟಿ, ಮೇಲೆ ತರಗೆಲೆ ಹರಡತ್ತಾ?" ನರ್ಸರಿಯಮ್ಮ ಎದ್ದಳು. "ನರ್ಸರೀಲಿ ನಾವೇ ಬೇಕಂತ ಮಾಡ್ತಿದ್ವಿ. ಕಾಯಿ ಬಲಿತ ಮೇಲೆ ಒಂದು ಪಕ್ಕದ ಬೇರು ಕಡಿದ್ರೆ ಗಿಡ ಹೆದರತ್ತೆ, ಇನ್ನು ಉಳಿಯಲ್ಲ ಅಂತ. ಅವಸರವಾಗಿ ಹಣ್ಣು ಮಾಡಿ ಬೀಜ ಉಳಿಸ್ಕೊಳ್ಳತ್ತೆ. ಎರಡು ಮೂರು ವಾರ ಸಾಕು. ನಿಮ್ಮ ಹೂಜಿ ಹೋಗಿ ಎಷ್ಟು ದಿನ ಆಯ್ತು?"

ಅತ್ತೆ ಬೆರಳು ಮಡಚಿ ಎಣಿಸಿದರು. "ಇಪ್ಪತ್ತೆರಡು."

"ಕದ್ದೋರು ಮನೆಗೆ ಒಯ್ತಾರೆ. ಹೂಳೋರು ಒಡೆದೋರು. ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ, ನೀವು ದಿನಾ ಗೊಬ್ಬರಕ್ಕೆ ಅಂತ ಕೆದಕ್ತೀರಿ. ಅಗೆಯೋಕೆ ನಿಮ್ಮ ಮೊಣಕಾಲು ಬಗ್ಗಲ್ಲ."

"ನೀನೂ ಅಗೀಬಹುದಿತ್ತು. ಕೀಲಿಕೈ ನಿನ್ನ ಹತ್ರಾನೇ ಇತ್ತಲ್ಲ?"

"ಇತ್ತು. ಆದ್ರೆ ಹನ್ನೆರಡು ವರ್ಷ ಗಿಡ ಸಾಕಿದ ಕೈ ಇದು. ಗಿಡದ ಬುಡಕ್ಕೇ ಗುದ್ದಲಿ ಹಾಕತ್ತಾ? ಒಂದಡಿ ಆಚೆ ಅಗೀತಿದ್ದೆ. ಬೇರು ಎಲ್ಲಿರತ್ತೆ ಅಂತ ಗೊತ್ತಿಲ್ದೋರ ಕೆಲಸ ಇದು."

ಅವಳು ಕಿಟಕಿಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕ, ನೀವೇ ಅಗೀತೀರಾ, ನಾನು ಅಗೀಲಾ?"

ಸೊಸೆ ಒದ್ದೆ ಕೈಯಲ್ಲೇ ಬಂದಳು. ಕೈಗುದ್ದಲಿಯ ಎರಡನೇ ಏಟಿಗೆ ಹೂಜಿಯ ನೀಲಿ ಕತ್ತು ಮೇಲೆ ಬಂತು. ಆ ಸಂಜೆ ತೊಳೆಯೋಣವೆಂದು ತೆಗೆದದ್ದು, ಸೋಪಿನ ಕೈಯಿಂದ ಜಾರಿತ್ತು. ಅಷ್ಟೇ. ಅಷ್ಟನ್ನು ಹೇಳಲು ಇಪ್ಪತ್ತೆರಡು ದಿನ ಸಾಕಾಗಿರಲಿಲ್ಲ.

ಅತ್ತೆ ಚೂರಿನ ಮಣ್ಣನ್ನು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಕೇಳಿದರು: "ಇವಳನ್ನ ನಾನು ಕಳಿಸುವಾಗ ನೀನೆಲ್ಲಿದ್ದೆ?"

"ಬಾಗಿಲಲ್ಲಿ. ಕೊಡೆ ಕೊಡ್ತಿದ್ದೆ."

ಅತ್ತೆ ಮುಂದಿನ ಚೂರಿಗೆ ಕೈ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸೊಸೆಗೆ.

ನರ್ಸರಿಯಮ್ಮ ಗುಂಡಿಗೆ ಮಣ್ಣೆಳೆದು, ಬುಡ ಒತ್ತಿ, ಎರಡು ತಂಬಿಗೆ ನೀರು ಹಾಕಿದಳು. "ಗಿಡ ಸಾಯಲ್ಲ, ಬಿಡಿ. ಹೆದರಿತ್ತು, ಅಷ್ಟೇ."

"ನಾಳೆಯಿಂದ ಕೆಲಸಕ್ಕೆ ಬಾ," ಎಂದರು ಅತ್ತೆ, ತಲೆ ಎತ್ತದೆ.

"ಅದು ಆಮೇಲೆ, ಅಮ್ಮ. ಮೊದಲು ನನ್ನ ಹೆಸರು ವಾಪಸ್ ಬೇಕು. ನಾಲ್ಕು ಮನೆ ಇದೆ. ಬನ್ನಿ ಅಕ್ಕ."

ಮೊದಲ ಮನೆಯವರು ಬಾಗಿಲು ತೆರೆದು, ಹಣ್ಣು ಬಲು ರುಚಿಯಾಗಿತ್ತು ಎಂದು ನಕ್ಕರು. ಹಿಂದೆ ನಿಂತ ನರ್ಸರಿಯಮ್ಮನನ್ನು ಕಂಡು ಆ ನಗು ನಿಂತಿತು. ಸೊಸೆ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಮರೆತುಹೋದವು.

"ಹೂಜಿ ಒಡೆದದ್ದು ನಾನು," ಎಂದಳು. "ಸುಮ್ಮನಿದ್ದದ್ದೂ ನಾನೇ."