ಗಾಜಿನ ಕೋಣೆಯ ಇನ್ನೊಂದು ಉಸಿರು

"ಡೌವೆ, ಇಲ್ನೋಡು. ನಿನ್ನೆ ಸಂಜೆ ಒಳಗೆ ಯಾರೋ ಉಸಿರಾಡಿದ್ದಾರೆ!"

ಸಂಶೋಧಕಿ ಹನ್ನೆಕೆ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟಳು. ಉಸಿರಿನ ಅಳತೆ ತೋರಿಸುವ ನೀಲಿ ಗೆರೆ ಒಂದು ಕಡೆ ತಗ್ಗಿ, ಆಮೇಲೆ ಸಣ್ಣಗೆ ಉಬ್ಬಿತ್ತು.

"ಹಸು ಉಸಿರಾಡದೆ ಇರುತ್ತಾ?" ಎಂದು ಡೌವೆ ನಕ್ಕ.

"ಇದು ಹಸುವಿನದ್ದಲ್ಲ. ಬಾಗಿಲು ತೆಗೆದು ಯಾರೋ ಒಳಗೆ ಹೋಗಿದ್ದಾರೆ. ನೀನಾ?"

"ನಾನು ಹೋದ್ರೆ ದಾಖಲೆ ಪುಸ್ತಕದಲ್ಲಿ ಬರೀತೀನಲ್ಲ. ದೆವ್ವ ಹೋಗಿರ್ಬೇಕು."

"ದೆವ್ವ ಉಸಿರಾಡಲ್ಲ."

ಬಾಗಿಲ ಬಳಿ ಬೂಟಿನ ಕೆಸರು ಒರೆಸುತ್ತಿದ್ದ ಡೌವೆಯ ಮಗಳು ನಿಂಕೆಯ ಕೈ ಅಲ್ಲೇ ನಿಂತಿತು.

ಗೆರ್ಡಾ ಎಂಬ ಹಸು ಪರೀಕ್ಷೆಗೆಂದು ಗಾಜಿನ ಕೋಣೆಗೆ ಹೋಗಿ ಮೂರು ದಿನವಾಗಿತ್ತು. ಅದು ತಿಂದ ಮೇವು, ಬಿಟ್ಟ ಮೇವು, ಹಾಲು, ಸಗಣಿ, ಗಂಜಲ ಎಲ್ಲವನ್ನೂ ಅಪ್ಪ ತೂಗುತ್ತಿದ್ದ. ಉಸಿರನ್ನು ಮಾತ್ರ ಯಂತ್ರ ಅಳೆಯುತ್ತಿತ್ತು. ತಿಂದದ್ದರಲ್ಲಿ ಹಾಲಾಗುವುದು ಎಷ್ಟು, ಬರೀ ಬಿಸಿಯಾಗಿ ಹೋಗುವುದು ಎಷ್ಟು ಎಂದು ಹನ್ನೆಕೆ ಲೆಕ್ಕ ಹಾಕುತ್ತಿದ್ದಳು.

ಪಕ್ಕದ ಗಾಜಿನ ಕೋಣೆಯಲ್ಲಿದ್ದ ಹಸುವಿಗೆ ನಿನ್ನೆ ಬೆಳಿಗ್ಗೆ ಗೊರಸು ಊದಿ, ಅದನ್ನು ಹೊರಗೆ ಕರೆದೊಯ್ದಿದ್ದರು. ಆಮೇಲೆ ಗೆರ್ಡಾ ಕೂಗುತ್ತಲೇ ಇತ್ತು. ನಿನ್ನೆ ಬುಧವಾರವಾದ್ದರಿಂದ ಮಧ್ಯಾಹ್ನದ ಮೇಲೆ ಶಾಲೆ ಇರಲಿಲ್ಲ. ನಿಂಕೆ ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

"ಯಾರು, ಎಷ್ಟು ಹೊತ್ತು ಅಂತ ಗೊತ್ತಾದ್ರೆ ಲೆಕ್ಕದಿಂದ ಅಷ್ಟನ್ನ ಮಾತ್ರ ತೆಗೀಬಹುದು," ಎಂದಳು ಹನ್ನೆಕೆ. "ಇಲ್ದಿದ್ರೆ ಇಡೀ ದಿನ ದಂಡ. ಗೆರ್ಡಾ ಇನ್ನೂ ಒಂದು ದಿನ ಒಳಗೇ ಇರ್ಬೇಕು."

ಇನ್ನೂ ಒಂದು ದಿನ! ನಿಂಕೆ ಒರೆಸುವ ಬಟ್ಟೆ ಕೆಳಗಿಟ್ಟಳು.

"ನಾನು."

ಅಪ್ಪ ತಿರುಗಿದ. "ಆ ಬಾಗಿಲು ಮುಟ್ಬೇಡ ಅಂತ ನಿಂಗೆ ಎಷ್ಟು ಸಲ..."

"ತಾಳು ಡೌವೆ. ಎಷ್ಟೊತ್ತಿಗೆ ಹೋದೆ?"

"ನಾಲ್ಕು ಹತ್ತಕ್ಕೆ. ಚರ್ಚಿನ ಗಂಟೆ ನಾಲ್ಕೂವರೆ ಹೊಡೆದಾಗ ಬಂದೆ."

"ತಿನ್ನೋಕೆ ಏನಾದ್ರೂ ಕೊಟ್ಯಾ?"

"ಇಲ್ಲ. ಜೇಬಲ್ಲಿ ಬ್ರೆಡ್ ಇತ್ತು, ಕೊಡ್ಲಿಲ್ಲ. ನಾನು ಅಳ್ತಾ ಇದ್ದೆ. ಅತ್ತಾಗ ಉಸಿರು ಜಾಸ್ತಿ ಆಗುತ್ತಾ?"

"ಆಗುತ್ತೆ," ಎಂದಳು ಹನ್ನೆಕೆ, ನಗದೆ. ಪುಸ್ತಕವನ್ನು ಮುಂದೆ ತಳ್ಳಿದಳು. "ನೀನೇ ಬರಿ."

ನಿಂಕೆ ಹೆಸರು ಬರೆದಳು, ಹೊತ್ತು ಬರೆದಳು. 'ಕಾರಣ' ಎಂಬ ಕಡೆ ಪೆನ್ನು ನಿಂತಿತು. ಆಮೇಲೆ ಬರೆದಳು: ಗೆರ್ಡಾ ಒಬ್ಬಳೇ ಇದ್ದಳು.

ಅಪ್ಪ ಅದನ್ನು ಓದಿದ. ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬೇರೊಂದು ಹಸುವನ್ನು ಹಿಡಿದು ತಂದು ಪಕ್ಕದ ಕೋಣೆಯಲ್ಲಿ ಕಟ್ಟಿದ.

ಗೆರ್ಡಾ ಅತ್ತ ನೋಡಿತು. ಕೂಗು ನಿಲ್ಲಿಸಿ ಮೇವಿಗೆ ಬಾಯಿ ಹಾಕಿತು.

ನಿಂಕೆ ಹೊರಗೆ ನಿಂತು ಮೂಗನ್ನು ಗಾಜಿಗೆ ಒತ್ತಿದಳು. ಅವಳ ಉಸಿರು ಗಾಜಿನ ಈಚೆ ಮಬ್ಬಾಗಿ ಕೂತಿತು. ಅದು ಯಾವ ಗೆರೆಯಲ್ಲೂ ಸೇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.